ದೇಶದ ಮನೆ ಮತ್ತು ಅದರ ಅಂಗಳ

ಹಂಗೇರಿಯ ಜನ ತಮ್ಮ ಸಂಸತ್ ಭವನವನ್ನು ‘ಒರ್ಸಾಗ್‌ಹಾಜ್’ ಎನ್ನುತ್ತಾರೆ. ಒರ್ಸಾಗ್ ಎಂದರೆ ದೇಶ, ಹಾಜ್ ಎಂದರೆ ಮನೆ. ದೇಶದ ಮನೆ. ಬುಡಾಪೆಸ್ಟ್ ನಗರದಲ್ಲಿ ಡ್ಯಾನ್ಯೂಬ್ ನದಿಯ ಪೂರ್ವದ ದಂಡೆಯ ಮೇಲೆ, ನೀರಿಗೆ ಮುಖಮಾಡಿ ನಿಂತ ಆ ಬಿಳಿಯ ಕಟ್ಟಡದ ಚಿತ್ರವನ್ನು ಕ್ಯಾಲೆಂಡರಿನಲ್ಲೋ ಸಿನಿಮಾದಲ್ಲೋ ನೀವೂ ನೋಡಿರುತ್ತೀರಿ. ಎಲ್ಲರೂ ಅದರ ಚಿತ್ರ ತೆಗೆಯುವುದು ನದಿಯ ಕಡೆಯಿಂದಲೇ. ಆದರೆ ಹೆಬ್ಬಾಗಿಲು ಇರುವುದು ಆ ಕಡೆಯಲ್ಲ, ಬೆನ್ನಿನ ಕಡೆ, ಕೊಶುತ್ ಚೌಕದಲ್ಲಿ. ನಮ್ಮ ಹಳ್ಳಿಯ ಮನೆಗಳಲ್ಲಿ ನ್ಯಾಯ ಸೇರುವುದು, ಜಗಳ ಆಗುವುದು, ಚಪ್ಪರ ಹಾಕುವುದು, ಕಡೆಗೆ ಹೆಣ ಇಡುವುದು ಕೂಡ ಅಂಗಳದಲ್ಲಿ. ಹಂಗೇರಿಯೆಂಬ ದೇಶದ ಮನೆಗೂ ಹಾಗೆಯೇ. ಒಳಗೆ ಕಾನೂನುಗಳು ಪಾಸಾದವು. ದೇಶದ ಬಾಳು ಮಾತ್ರ ಅಂಗಳದಲ್ಲಿ ನಡೆಯಿತು.

ಆ ಅಂಗಳ ಮೊದಲು ನೆಲವೇ ಆಗಿರಲಿಲ್ಲ. ಹತ್ತೊಂಬತ್ತನೆಯ ಶತಮಾನದ ನಡುವಿನವರೆಗೆ ಅಲ್ಲಿದ್ದದ್ದು ನದಿ ಉಕ್ಕಿದಾಗ ಮುಳುಗುವ ಜೌಗು. ಊರಿನವರು ಮಣ್ಣು, ಕಸ, ಒಡೆದ ಇಟ್ಟಿಗೆ ಸುರಿದು ಅದನ್ನು ಎತ್ತರಿಸಿದರು. ‘ತೊಮೊ ತೇರ್’ ಎಂದು ಅದಕ್ಕೆ ಹೆಸರೇ ಬಿತ್ತು. ತುಂಬಿಸಿದ ಬಯಲು ಎಂದು ಅರ್ಥ. ಹಡಗುಗಳಿಂದ ಸರಕು ಇಳಿಸಲು ಮಾತ್ರ ಅದು ಉಪಯೋಗಕ್ಕೆ ಬರುತ್ತಿತ್ತು.

ಆಗ ದೇಶಕ್ಕೆ ಮನೆಯೂ ಇರಲಿಲ್ಲ. ಹಂಗೇರಿಯ ಸಭೆ ಬಹುಕಾಲ ಸೇರುತ್ತಿದ್ದದ್ದು ಪೊಜೋನ್ ಪಟ್ಟಣದಲ್ಲಿ, ಅಂದರೆ ಇಂದಿನ ಸ್ಲೊವಾಕಿಯಾದ ರಾಜಧಾನಿ ಬ್ರಾಟಿಸ್ಲಾವಾದಲ್ಲಿ. 1848ರಲ್ಲಿ ಲಾಯೋಶ್ ಕೊಶುತ್ ಮುಂದಾಳುತನದಲ್ಲಿ ಎದ್ದ ಸ್ವಾತಂತ್ರ್ಯ ಹೋರಾಟವನ್ನು ಆಸ್ಟ್ರಿಯದ ದೊರೆ ರಷ್ಯದ ಸೈನ್ಯ ಕರೆಸಿ ಮರುವರ್ಷವೇ ಹತ್ತಿಕ್ಕಿದ. 1867ರಲ್ಲಿ ದೊರೆಗೂ ಹಂಗೇರಿಗೂ ರಾಜಿಯಾಗಿ ಆಸ್ಟ್ರಿಯಾ-ಹಂಗೇರಿ ಎಂಬ ಜೋಡಿ ರಾಜ್ಯ ಹುಟ್ಟಿತು. ಆಮೇಲೂ ಕೆಳಮನೆ ಒಂದು ಬೀದಿಯಲ್ಲಿ ಅವಸರದಲ್ಲಿ ಕಟ್ಟಿದ ಕಟ್ಟಡದಲ್ಲಿ ಕೂರುತ್ತಿತ್ತು, ಮೇಲ್ಮನೆ ರಾಷ್ಟ್ರೀಯ ವಸ್ತುಸಂಗ್ರಹಾಲಯದ ಹಜಾರದಲ್ಲಿ. ಸ್ವಾಭಿಮಾನಿಗಳಿಗೆ ಇದು ನುಂಗಲಾರದ ತುತ್ತಾಯಿತು. 1880ರಲ್ಲಿ ಹೊಸ ಭವನ ಕಟ್ಟುವುದೆಂದು ಠರಾವಾಯಿತು. ತುಂಬಿಸಿದ ಬಯಲೇ ಅದಕ್ಕೆ ಜಾಗ ಎಂದೂ ಗೊತ್ತಾಯಿತು. ನದಿಯ ಆಚೆ ದಂಡೆಯ ಗುಡ್ಡದ ಮೇಲೆ ದೊರೆಯ ಅರಮನೆ, ಈಚೆ ದಂಡೆಯಲ್ಲಿ ಪ್ರಜೆಗಳ ಮನೆ.

ವಿನ್ಯಾಸದ ಸ್ಪರ್ಧೆಗೆ 19 ನಕ್ಷೆಗಳು ಬಂದವು. ಗೆದ್ದವನು ಇಮ್ರೆ ಸ್ಟೈಂಡ್ಲ್. ಸೋತವುಗಳಲ್ಲಿ ಎರಡು ನಕ್ಷೆಗಳು ವ್ಯರ್ಥವಾಗಲಿಲ್ಲ ಎಂಬುದು ಈ ಚೌಕದ ವಿಶೇಷ. ಆಲಾಯೋಶ್ ಹೌಸ್ಮನ್ನನ ನಕ್ಷೆ ಚೌಕದ ಎದುರು ಬದಿಯಲ್ಲಿ ನ್ಯಾಯಾಲಯದ ಭವನವಾಗಿ ಎದ್ದಿತು, ದ್ಯೂಲಾ ಬುಕೊವಿಚ್‌ನ ನಕ್ಷೆ ಅದರ ಪಕ್ಕದಲ್ಲಿ ಕೃಷಿ ಸಚಿವಾಲಯವಾಯಿತು. ಸ್ಪರ್ಧೆಯಲ್ಲಿ ಎದುರಾಳಿಗಳಾಗಿದ್ದ ಮೂರು ಕಟ್ಟಡಗಳು ಅಂಗಳದ ಎರಡು ಬದಿಯಲ್ಲಿ ಇವತ್ತಿಗೂ ಒಂದನ್ನೊಂದು ನೋಡುತ್ತ ನಿಂತಿವೆ. ಆ ಸಚಿವಾಲಯದ ಗೋಡೆಯ ಹತ್ತಿರ ನಾವು ಮತ್ತೆ ಬರಬೇಕಿದೆ.

1885ರ ಅಕ್ಟೋಬರ್ 12ರಂದು ಮೊದಲ ಗುದ್ದಲಿ ಬಿತ್ತು. ತುಂಬಿಸಿದ ಮಣ್ಣು ಇಷ್ಟು ಭಾರ ಹೊರದೆಂದು ಕೆಳಗೆ ದಪ್ಪನೆಯ ಕಾಂಕ್ರೀಟ್ ಹಾಸು ಹಾಕಿದರು. ಅದರ ಮೇಲೆ 17 ವರ್ಷ ಕೆಲಸ ನಡೆಯಿತು. ದಿನಕ್ಕೆ ಸರಾಸರಿ ಸಾವಿರ ಆಳು. ಹಿಡಿದ ಇಟ್ಟಿಗೆ 4 ಕೋಟಿ, ಅಲಂಕಾರಕ್ಕೆ ಬಳಿದ ಚಿನ್ನ ಸುಮಾರು 40 ಕಿಲೋ. ನದಿಯುದ್ದಕ್ಕೂ 268 ಮೀಟರ್ ಉದ್ದ, ಒಳಗೆ 691 ಕೋಣೆ. ಗುಮ್ಮಟದ ಎತ್ತರ 96 ಮೀಟರ್. ಈ ಅಂಕಿ ಸುಮ್ಮನೆ ಬಂದದ್ದಲ್ಲ. ಹಂಗೇರಿಯನ್ನರ ಪೂರ್ವಿಕರಾದ ಮಗ್ಯಾರರು ಈ ನಾಡಿಗೆ ಬಂದು ನೆಲೆಸಿದ ವರ್ಷ 896 ಎಂಬ ಗಣನೆ ಅದರಲ್ಲಿದೆ. ಹೊರಗಿನ ಗೋಡೆ ಗಾಥಿಕ್ ಶೈಲಿ, ಗುಮ್ಮಟ ರೆನೆಸಾನ್ಸ್ ಮಾದರಿ. ಕಲ್ಲು, ಮರ, ಕೆಲಸಗಾರ ಎಲ್ಲವೂ ಈ ನೆಲದ್ದೇ ಆಗಬೇಕೆಂಬ ಹಟವಿತ್ತು. ದೊಡ್ಡ ಮೆಟ್ಟಿಲ ಸಾಲಿನ ಎಂಟು ಏಕಶಿಲೆಯ ಗ್ರಾನೈಟ್ ಕಂಬಗಳನ್ನು ಮಾತ್ರ ಸ್ವೀಡನ್ನಿನಿಂದ ತರಿಸಿದರು.

ಆ ಹಟಕ್ಕೆ ಬೆಲೆಯನ್ನೂ ತೆರಬೇಕಾಯಿತು. ಹೊರಮೈಗೆ ಬಳಸಿದ ಸ್ಥಳೀಯ ಸುಣ್ಣದಕಲ್ಲು ಮೆದು, ರಂಧ್ರಮಯ. ನಗರದ ಹೊಗೆಗೂ ನದಿಯ ತೇವಕ್ಕೂ ಅದು ಬಲುಬೇಗ ಉದುರತೊಡಗಿತು. 1920ರ ದಶಕದಲ್ಲೇ ಕಲ್ಲು ಬದಲಿಸುವ ಕೆಲಸ ಶುರುವಾಯಿತು. ಒಂದು ಮೂಲೆ ಮುಗಿಯುವ ಹೊತ್ತಿಗೆ ಇನ್ನೊಂದು ಮೂಲೆ ಕಪ್ಪಾಗಿರುತ್ತಿತ್ತು. ಈ ಕಟ್ಟಡವನ್ನು ಸಾರವೆಯಿಲ್ಲದೆ ನೋಡದೆಯೇ ತೀರಿಹೋದ ತಲೆಮಾರುಗಳು ಬುಡಾಪೆಸ್ಟಿನಲ್ಲಿವೆ.

ಒಳಗಿನ ಎರಡು ಏರ್ಪಾಡುಗಳನ್ನು ಇಲ್ಲಿ ಹೇಳಲೇಬೇಕು. ಸಭಾಂಗಣದ ಹೊರಗಿನ ಓಣಿಯಲ್ಲಿ, ಕಿಟಕಿಗಳ ಬಳಿ, ಅಂಕಿ ಕೊರೆದ ಹಿತ್ತಾಳೆಯ ತಟ್ಟೆಗಳ ಸಾಲಿದೆ. ಸದಸ್ಯರು ಸೇದುತ್ತಿದ್ದ ಚುಟ್ಟಾವನ್ನು ತಮ್ಮ ಅಂಕಿಯ ಮೇಲೆ ಇಟ್ಟು ಒಳಗೆ ಹೋಗುತ್ತಿದ್ದರು. ಒಳ್ಳೆಯ ಭಾಷಣವಿದ್ದರೆ ಹೊರಗೆ ಚುಟ್ಟಾ ಉರಿದು ಬೂದಿಯಾಗುತ್ತಿತ್ತು. ಇನ್ನೊಂದು, ತಂಪಿನ ವ್ಯವಸ್ಥೆ. ಚೌಕದ ಕಾರಂಜಿಗಳ ಬಳಿಯಿಂದ ಗಾಳಿಯನ್ನು ನೆಲದಡಿಯ ಸುರಂಗಗಳಿಗೆ ಎಳೆದುಕೊಂಡು, ಅಲ್ಲಿ ಮಂಜುಗಡ್ಡೆಯ ಮೇಲೆ ಹಾಯಿಸಿ, ಸಭಾಂಗಣಕ್ಕೆ ಬಿಡುತ್ತಿದ್ದರು. ಮನೆ ಉಸಿರಾಡುತ್ತಿದ್ದದ್ದು ಅಂಗಳದ ಗಾಳಿಯನ್ನು. ಆ ಸುರಂಗವನ್ನೂ ನೆನಪಿಟ್ಟುಕೊಳ್ಳಿ.

1896ರಲ್ಲಿ, ಸಾವಿರ ವರ್ಷದ ಸಂಭ್ರಮಕ್ಕೆಂದು, ಇನ್ನೂ ಮುಗಿಯದ ಗುಮ್ಮಟದಡಿ ವಿಶೇಷ ಅಧಿವೇಶನ ನಡೆಯಿತು. ನಿಯಮಿತ ಕಲಾಪ ಶುರುವಾದದ್ದು 1902ರ ಅಕ್ಟೋಬರ್ 8ರಂದು. ಅಂದು ಸ್ಟೈಂಡ್ಲ್ ಇರಲಿಲ್ಲ. ಕಾಯಿಲೆಯಿಂದ ಸೊರಗಿದ್ದ ಅವನು ಆಗಸ್ಟ್ 31ರಂದು, ಐದೇ ವಾರ ಮೊದಲು ತೀರಿಕೊಂಡಿದ್ದ. ಬಾಳಿನ ಹದಿನೇಳು ವರ್ಷವನ್ನು ಒಂದೇ ಕಟ್ಟಡಕ್ಕೆ ಕೊಟ್ಟವನಿಗೆ ಗೃಹಪ್ರವೇಶದ ದಿನ ನೋಡಲು ಸಿಗಲಿಲ್ಲ.

ಮನೆಯೇನೋ ಆಯಿತು, ಆದರೆ ಅದು ಯಾರ ಮನೆ? ಮತದ ಹಕ್ಕಿದ್ದದ್ದು ದೇಶದ ನೂರು ಜನರಲ್ಲಿ ಸುಮಾರು ಆರು ಮಂದಿಗೆ. ಕೂಲಿಯವನಿಗೆ ಇಲ್ಲ, ಹೆಂಗಸರಿಗೆ ಇಲ್ಲ. ಸ್ಲೊವಾಕ್, ರೊಮೇನಿಯನ್, ಸರ್ಬ್ ಭಾಷೆಯವರಿಗೆ ಹೆಸರಿಗಷ್ಟೇ ಜಾಗ. ಬಾಗಿಲು ತೆರೆಯದಿದ್ದಾಗ ಜನ ಅಂಗಳಕ್ಕೆ ಬಂದರು. 1912ರ ಮೇ 23ರಂದು ಎಲ್ಲರಿಗೂ ಮತದಾನದ ಹಕ್ಕು ಕೇಳಿ ಕಾರ್ಮಿಕರು ಸಂಸತ್ತಿನತ್ತ ಹೊರಟರು. ಪೊಲೀಸರು ಮತ್ತು ಸೈನಿಕರು ತಡೆದರು, ಗುಂಡು ಹಾರಿತು, ಸಾವುಗಳಾದವು. ಹಂಗೇರಿಯ ಚರಿತ್ರೆಯಲ್ಲಿ ಆ ದಿನದ ಹೆಸರು ‘ರಕ್ತಕೆಂಪು ಗುರುವಾರ’. ಎರಡು ವಾರದ ನಂತರ ಒಳಗೂ ಗುಂಡಿನ ಸದ್ದು ಕೇಳಿತು. ವಿರೋಧ ಪಕ್ಷದವರನ್ನು ಪೊಲೀಸರಿಂದ ಎಳೆಸಿ ಹೊರಹಾಕಿಸಿದ್ದ ಸಭಾಧ್ಯಕ್ಷ ಇಶ್ತ್ವಾನ್ ತಿಸಾನ ಮೇಲೆ ಒಬ್ಬ ಸದಸ್ಯನೇ ಸಭಾಂಗಣದಲ್ಲಿ ಪಿಸ್ತೂಲು ಹಾರಿಸಿದ. ಗುರಿ ತಪ್ಪಿತು.

ಮೊದಲ ಮಹಾಯುದ್ಧ ಜೋಡಿ ರಾಜ್ಯವನ್ನು ಕೊಚ್ಚಿಕೊಂಡು ಹೋಯಿತು. 1918ರ ನವೆಂಬರ್ 16ರಂದು ಇದೇ ಮನೆಯಲ್ಲಿ, ಇದೇ ಅಂಗಳದ ಜನಸಾಗರದ ಎದುರು ಮೊದಲ ಗಣರಾಜ್ಯ ಘೋಷಣೆಯಾಯಿತು. ಅದರ ಮುಂದಾಳು ಮಿಹಾಯ್ ಕಾರೋಯಿ. ನಾಲ್ಕೇ ತಿಂಗಳಿಗೆ ಅದೂ ಕುಸಿಯಿತು. 1920ರ ಟ್ರಿಯಾನೊನ್ ಒಪ್ಪಂದದಲ್ಲಿ ಹಂಗೇರಿ ತನ್ನ ನೆಲದ ಮೂರರಲ್ಲಿ ಎರಡು ಪಾಲಿಗಿಂತ ಹೆಚ್ಚನ್ನು ಕಳೆದುಕೊಂಡಿತು. ದೊಡ್ಡ ಸಂಸಾರಕ್ಕೆಂದು ಕಟ್ಟಿದ ಮನೆಯಲ್ಲಿ ಈಗ ಚಿಕ್ಕ ಸಂಸಾರ.

ಅಂಗಳದಲ್ಲಿ ಪ್ರತಿಮೆಗಳು ಸಾಲಾಗಿ ಏಳತೊಡಗಿದ್ದು ಈ ದುಃಖದ ಕಾಲದಲ್ಲೇ. 1927ರಲ್ಲಿ ಕೊಶುತ್ ಮತ್ತು ಅವನ ಜೊತೆಯ ಮಂತ್ರಿಗಳ ಕಲ್ಲಿನ ಗುಂಪು ಬಂತು. ಚೌಕಕ್ಕೆ ಅವನ ಹೆಸರನ್ನೂ ಇಟ್ಟರು. ಶಿಲ್ಪಿ ಹೊರ್ವಾಯ್ ಕಡೆದ ಆ ಮುಖಗಳಲ್ಲಿ ಗೆಲುವಿಲ್ಲ. ಎಲ್ಲರೂ ತಲೆ ತಗ್ಗಿಸಿ ಕೊರಗುತ್ತಿದ್ದಾರೆ. 1934ರಲ್ಲಿ ತಿಸಾನ ಸ್ಮಾರಕ, 1937ರಲ್ಲಿ ಹಿಂದಿನ ಶತಮಾನಗಳ ಹೋರಾಟಗಾರ ರಾಕೋತ್ಸಿಯ ಕುದುರೆಯ ಪ್ರತಿಮೆ. ಇವುಗಳಲ್ಲಿ ರಾಕೋತ್ಸಿಯ ಕುದುರೆಯೊಂದೇ ಯಾವ ಸರ್ಕಾರ ಬಂದರೂ ಕದಲಲಿಲ್ಲ.

ಎರಡನೆಯ ಮಹಾಯುದ್ಧದ ಕೊನೆಯ ಚಳಿಗಾಲದಲ್ಲಿ ಸೋವಿಯತ್ ಸೈನ್ಯ ನಗರಕ್ಕೆ ಮುತ್ತಿಗೆ ಹಾಕಿತು. ಹಿಮ್ಮೆಟ್ಟುವ ಜರ್ಮನ್ನರು ಡ್ಯಾನ್ಯೂಬಿನ ಸೇತುವೆಗಳನ್ನೆಲ್ಲ ಸಿಡಿಸಿದರು. ಸಂಸತ್ತಿನ ಪಕ್ಕದಲ್ಲೇ, ಎಂಟು ತಿಂಗಳಲ್ಲಿ ಒಂದು ತಾತ್ಕಾಲಿಕ ಸೇತುವೆ ಕಟ್ಟಿದರು. ಸೀಳಿಹೋಗಿದ್ದ ಬುಡಾ ಮತ್ತು ಪೆಸ್ಟ್ 1946ರ ಜನವರಿಯಲ್ಲಿ ಅದರ ಮೂಲಕ ಮತ್ತೆ ಕೂಡಿದವು. ಅದಕ್ಕೂ ಕೊಶುತ್‌ನ ಹೆಸರೇ. 1960ರಲ್ಲಿ ಅದನ್ನು ಬಿಚ್ಚಿಹಾಕಿದರು.

ಕಮ್ಯುನಿಸ್ಟ್ ಪಕ್ಷ ಅಧಿಕಾರ ಹಿಡಿದ ಮೇಲೆ ಗುಮ್ಮಟದ ತುದಿಗೆ ದೊಡ್ಡ ಕೆಂಪು ನಕ್ಷತ್ರ ಏರಿತು. ರಾತ್ರಿ ಅದು ಉರಿಯುತ್ತಿತ್ತು. ಸಂಸತ್ತು ವರ್ಷಕ್ಕೆ ಕೆಲವೇ ದಿನ ಸೇರಿ, ಪಕ್ಷ ಬರೆದುಕೊಟ್ಟದ್ದಕ್ಕೆ ಕೈ ಎತ್ತಿ ಏಳುತ್ತಿತ್ತು. ಅಂಗಳದ ಕೊಶುತ್‌ನನ್ನೂ ಬದಲಿಸಿದರು. ಕೊರಗುವ ನಾಯಕ ಬೇಡವಾಗಿ, 1952ರಲ್ಲಿ ಕೈ ಎತ್ತಿ ಜನರನ್ನು ಹುರಿದುಂಬಿಸುವ ಇನ್ನೊಬ್ಬ ಕೊಶುತ್ ಬಂದ.

ಜನ ನಿಜಕ್ಕೂ ಎದ್ದದ್ದು ನಾಲ್ಕು ವರ್ಷದ ನಂತರ, 1956ರ ಅಕ್ಟೋಬರ್ 23ರಂದು. ವಿದ್ಯಾರ್ಥಿಗಳ ಮೆರವಣಿಗೆಯಾಗಿ ಶುರುವಾದದ್ದು ಸಂಜೆಗೆ ನಗರವೇ ಆಗಿ ಈ ಚೌಕಕ್ಕೆ ಬಂದು ಸೇರಿತು. ಎರಡು ಲಕ್ಷ ಜನ ಎಂಬ ಅಂದಾಜಿದೆ. ಅವರು ಕೇಳಿದ್ದು ಇಮ್ರೆ ನಾಜ್‌ನನ್ನು. ಅವನೂ ಕಮ್ಯುನಿಸ್ಟನೇ. ಪ್ರಧಾನಿಯಾಗಿ ರೈತರ ಮೇಲಿನ ಹೊರೆ ಇಳಿಸಲು ಹೋಗಿ ಪಕ್ಷದಿಂದಲೇ ಹೊರಬಿದ್ದವನು. ಕಾಯುತ್ತಿದ್ದ ಜನ ಮೇಲೆ ನೋಡಿ ನಕ್ಷತ್ರ ಆರಿಸಿ ಎಂದು ಕೂಗಿದರು. ಜನ ಚದುರಲೆಂದು ಚೌಕದ ದೀಪಗಳನ್ನು ಆರಿಸಿದಾಗ ಪಕ್ಷದ ಪತ್ರಿಕೆಯನ್ನೇ ಸುರುಳಿ ಸುತ್ತಿ ಹಚ್ಚಿ ಪಂಜು ಮಾಡಿಕೊಂಡರು. ಆ ಒಂದು ದೃಶ್ಯಕ್ಕೆ ಇಡೀ ಕಟ್ಟಡದ ನಲವತ್ತು ಕಿಲೋ ಚಿನ್ನ ಸಮವಲ್ಲ ಎಂದು ನನಗೆ ಅನಿಸುತ್ತದೆ.

ರಾತ್ರಿ ಒಂಬತ್ತರ ಸುಮಾರಿಗೆ ನಾಜ್ ಕಿಟಕಿಗೆ ಬಂದ. ಬಾಯಿಯ ರೂಢಿಯಂತೆ ಕಾಮ್ರೇಡ್‌ಗಳೇ ಎಂದು ಶುರುಮಾಡಿದ. ನಾವು ಕಾಮ್ರೇಡ್‌ಗಳಲ್ಲ ಎಂದು ಕೆಳಗಿನಿಂದ ಕೂಗು ಬಂತು. ಅವನ ಭಾಷಣದಲ್ಲಿ ಜನ ಕಾಯುತ್ತಿದ್ದ ಮಾತು ಇರಲಿಲ್ಲ. ಕಡೆಗೆ ಅವನೂ ಜನರೂ ಸೇರಿ ರಾಷ್ಟ್ರಗೀತೆ ಹಾಡಿದರು. ಅಂಗಳ ಮುಂದೆ ಹೋಗಿತ್ತು, ಮನೆ ಇನ್ನೂ ಹೊಸಿಲಲ್ಲೇ ನಿಂತಿತ್ತು. ಮುಂದಿನ ಕೆಲವೇ ದಿನಗಳಲ್ಲಿ ನಾಜ್ ಆ ಹೊಸಿಲು ದಾಟಿ ಜನರ ಕಡೆ ನಿಂತ. ಅದಕ್ಕಾಗಿಯೇ ಅವನು ದೊಡ್ಡವನು.

ಅಕ್ಟೋಬರ್ 25, ಮತ್ತೊಂದು ಗುರುವಾರ. ನಾಜ್ ಹಿಂದಿನ ದಿನವಷ್ಟೇ ಪ್ರಧಾನಿಯಾಗಿದ್ದ. ಬೆಳಿಗ್ಗೆ ಪೇಟೆಯಲ್ಲಿ ಜನರೂ ದಂಗೆ ಹತ್ತಿಕ್ಕಲು ಬಂದಿದ್ದ ಸೋವಿಯತ್ ಸೈನಿಕರೂ ಮಾತಿಗಿಳಿದು, ಟ್ಯಾಂಕುಗಳ ಮೇಲೆ ಹುಡುಗರು ಹತ್ತಿ ಕುಳಿತು, ಹಂಗೇರಿಯ ಬಾವುಟ ಹಿಡಿದು ಎಲ್ಲರೂ ಚೌಕಕ್ಕೆ ಬಂದರು. ಕೈಯಲ್ಲಿ ಆಯುಧವಿರಲಿಲ್ಲ. ನಾಜ್‌ನನ್ನು ನೋಡಬೇಕಿತ್ತು, ಅಷ್ಟೇ. ಅವನು ಆ ಹೊತ್ತು ಅಲ್ಲಿರಲಿಲ್ಲ, ಹತ್ತಿರದ ಬೀದಿಯ ಪಕ್ಷದ ಕಚೇರಿಯಲ್ಲಿದ್ದ. ಇದ್ದಕ್ಕಿದ್ದಂತೆ ಗುಂಡಿನ ಮಳೆ. ಸುತ್ತಲ ಮಾಳಿಗೆಗಳಿಂದಲೋ, ಪಕ್ಕದ ಬೀದಿಯ ಟ್ಯಾಂಕುಗಳಿಂದಲೋ, ಎರಡೂ ಕಡೆಯಿಂದಲೋ ಎಂಬ ವಾದ ಇತಿಹಾಸಕಾರರಲ್ಲಿ ಇನ್ನೂ ಮುಗಿದಿಲ್ಲ. ಜನ ಓಡಿ ಅಡಗಿದ್ದು ಕೃಷಿ ಸಚಿವಾಲಯದ ಕಮಾನುಗಳ ಕೆಳಗೆ. ಕಮಾನುಗಳು ಎಲ್ಲರನ್ನೂ ಕಾಯಲಿಲ್ಲ. ಹತ್ತಾರು ಮಂದಿ ಸತ್ತರೆಂಬ ಲೆಕ್ಕದಿಂದ ನೂರಾರು ಎಂಬವರೆಗೆ ಸಂಖ್ಯೆಗಳಿವೆ. ಆಳುವವರು ಮೂರು ದಶಕ ಆ ಹೆಣಗಳನ್ನು ಎಣಿಸಲು ಯಾರಿಗೂ ಬಿಡಲಿಲ್ಲ.

ನವೆಂಬರ್ 4ರ ನಸುಕಿನಲ್ಲಿ ಸೋವಿಯತ್ ಟ್ಯಾಂಕುಗಳು ಈ ಸಲ ಗೆಲ್ಲಲೆಂದೇ ಬಂದವು. 5 ಗಂಟೆ 20 ನಿಮಿಷಕ್ಕೆ ನಾಜ್ ಸಂಸತ್ ಭವನದಿಂದಲೇ ರೇಡಿಯೋದಲ್ಲಿ ಮಾತಾಡಿ, ದೇಶಕ್ಕೂ ಲೋಕಕ್ಕೂ ದಾಳಿಯ ಸುದ್ದಿ ತಿಳಿಸಿದ. ನಂತರ ಯುಗೊಸ್ಲಾವ್ ರಾಯಭಾರ ಕಚೇರಿಯಲ್ಲಿ ಆಶ್ರಯ ಪಡೆದ. ಸುರಕ್ಷಿತವಾಗಿ ಮನೆಗೆ ಹೋಗಬಹುದೆಂಬ ಭರವಸೆ ನಂಬಿ ಹೊರಬಂದಾಗ ಬಂಧಿಸಿದರು. 1958ರ ಜೂನ್ 16ರಂದು ಗಲ್ಲಿಗೇರಿಸಿದರು.

ಅಂದು ಭವನದಲ್ಲಿ ಉಳಿದವನು ಒಬ್ಬ ಸಚಿವ, ಇಶ್ತ್ವಾನ್ ಬಿಬೋ. ರಾಜಕೀಯ ಚಿಂತಕ, ಮೆದು ಮಾತಿನವನು, ಸಚಿವನಾಗಿ ಒಂದು ದಿನ ತುಂಬಿರಲಿಲ್ಲ. ಸೋವಿಯತ್ ಸೈನಿಕರು ಕೋಣೆ ಕೋಣೆಗೆ ನುಗ್ಗುತ್ತಿದ್ದಾಗ ಅವನು ಒಂದು ಕೋಣೆಯಲ್ಲಿ ಟೈಪ್‌ರೈಟರ್ ಮುಂದೆ ಕೂತು, ಹಂಗೇರಿಯ ಕಾನೂನುಬದ್ಧ ಸರ್ಕಾರದ ಹೆಸರಿನಲ್ಲಿ ಹೇಳಿಕೆ ಸಿದ್ಧಮಾಡುತ್ತಿದ್ದ. ಎರಡು ದಿನ ಹಾಗೆಯೇ ಇದ್ದ. 691 ಕೋಣೆಗಳ ಆ ಮನೆಯಲ್ಲಿ ದೇಶ ಆ ಎರಡು ದಿನ ಒಂದೇ ಕೋಣೆಯಲ್ಲಿ ಬದುಕಿತ್ತು.

ಈ ಕಥೆಯಲ್ಲಿ ಭಾರತಕ್ಕೂ ಒಂದು ಪಾಲಿದೆ. ಬಿಬೋ ಮತ್ತು ಅವನ ಗೆಳೆಯ ಆರ್ಪಾದ್ ಗೊಂತ್ಸ್ ಬಿಕ್ಕಟ್ಟಿಗೆ ಪರಿಹಾರ ಸೂಚಿಸುವ ಮನವಿಯನ್ನು ಭಾರತದ ರಾಯಭಾರಿ ಕೆ.ಪಿ.ಎಸ್. ಮೆನನ್ ಅವರಿಗೆ ತಲುಪಿಸಿದರು. ಮೆನನ್ ಮಾಸ್ಕೋದಲ್ಲಿದ್ದು ಹಂಗೇರಿಯನ್ನೂ ನೋಡಿಕೊಳ್ಳುತ್ತಿದ್ದರು. 1958ರಲ್ಲಿ ಇಬ್ಬರ ಮೇಲೂ ಮೊಕದ್ದಮೆ ನಡೆದಾಗ ಗಲ್ಲಿನ ಭಯವಿತ್ತು. ನೆಹರೂ ಅವರ ಪರವಾಗಿ ಮೆನನ್ ಮಧ್ಯೆ ಪ್ರವೇಶಿಸಿದರು. ಶಿಕ್ಷೆ ಜೀವಾವಧಿಗೆ ನಿಂತಿತು, 1963ರ ಕ್ಷಮಾದಾನದಲ್ಲಿ ಇಬ್ಬರೂ ಹೊರಬಂದರು. ಹಂಗೇರಿಯ ವಿಷಯದಲ್ಲಿ ನೆಹರೂ ತಡವಾಗಿ ಬಾಯಿ ತೆರೆದರೆಂಬ ಟೀಕೆ ಆಗಲೇ ಇತ್ತು, ಅದು ಸುಳ್ಳಲ್ಲ. ಈ ಎರಡು ಜೀವಗಳನ್ನೂ ಅದರ ಜೊತೆಗಿಟ್ಟು ನೋಡಬೇಕು.

ಮೂವತ್ತು ವರ್ಷ ಅಂಗಳ ಮೌನವಾಗಿತ್ತು. ಅಕ್ಟೋಬರ್ 23 ಎಂಬ ದಿನವನ್ನು ಬಾಯಿಬಿಟ್ಟು ಹೇಳುವಂತಿರಲಿಲ್ಲ. ನಾಜ್‌ನನ್ನು ಹೆಸರಿಲ್ಲದ ಗುಂಡಿಯಲ್ಲಿ ಮುಖ ಕೆಳಗೆ ಮಾಡಿ ಹೂತಿದ್ದರು. 1989ರ ಜೂನ್ 16ರಂದು ಅವನನ್ನು ಗೌರವದಿಂದ ಮತ್ತೆ ಮಣ್ಣುಮಾಡಿದಾಗ ವೀರರ ಚೌಕದಲ್ಲಿ ಲಕ್ಷಾಂತರ ಜನ ಸೇರಿದ್ದರು. ಅದೇ ವರ್ಷ ಅಕ್ಟೋಬರ್ 23ರ ಮಧ್ಯಾಹ್ನ ಮಾತ್ಯಾಶ್ ಸೂರೋಶ್ ಸಂಸತ್ತಿನ ಕಿಟಕಿಯಿಂದ, ತುಂಬಿದ ಕೊಶುತ್ ಚೌಕದ ಎದುರು ಹೊಸ ಗಣರಾಜ್ಯವನ್ನು ಸಾರಿದ. ಮುಂದಿನ ವರ್ಷ ಗುಮ್ಮಟದ ನಕ್ಷತ್ರ ಕೆಳಗಿಳಿಯಿತು. ಜೈಲಿನಿಂದ ಬಂದು ಅನುವಾದ ಮಾಡಿ ಬದುಕಿದ್ದ ಗೊಂತ್ಸ್ ರಾಷ್ಟ್ರಪತಿಯಾದ.

ಅಂಗಳ ಗೊಂತ್ಸ್‌ಗೂ ವಿನಾಯಿತಿ ಕೊಡಲಿಲ್ಲ. 1992ರ ಅಕ್ಟೋಬರ್ 23ರ ಸ್ಮರಣೆಗೆ ಅವನು ಚೌಕದಲ್ಲಿ ಮಾತಾಡಲು ನಿಂತಾಗ ಗುಂಪು ಸಿಳ್ಳೆ ಹಾಕಿ ಮಾತಾಡಗೊಡಲಿಲ್ಲ. 1956ಕ್ಕಾಗಿ ಜೈಲು ಕಂಡವನಿಗೆ 1956ರ ಬಗ್ಗೆ ಮಾತಾಡಲು ಅಲ್ಲಿ ಆಗಲಿಲ್ಲ. 2006ರಲ್ಲಿ, ತಾವು ಸುಳ್ಳು ಹೇಳಿದ್ದಾಗಿ ಪ್ರಧಾನಿ ಪಕ್ಷದ ಸಭೆಯಲ್ಲಿ ಒಪ್ಪಿಕೊಂಡ ಧ್ವನಿಮುದ್ರಣ ಹೊರಬಿದ್ದಾಗ ಜನ ವಾರಗಟ್ಟಲೆ ಇಲ್ಲಿ ಬೀಡುಬಿಟ್ಟರು. ಕ್ರಾಂತಿಯ ಐವತ್ತನೆಯ ವರ್ಷದ ದಿನವೇ, ನಸುಕಿನಲ್ಲಿ ಪೊಲೀಸರು ಚೌಕವನ್ನು ತೆರವು ಮಾಡಿದರು.

ಇನ್ನು ಇತ್ತೀಚಿನ ಬದಲಾವಣೆ. 1944ಕ್ಕೆ ಮುಂಚೆ ಚೌಕ ಹೇಗಿತ್ತೋ ಹಾಗೆ ಮಾಡಬೇಕೆಂದು 2011ರಲ್ಲಿ ಸಂಸತ್ತು ನಿರ್ಣಯಿಸಿತು. ಕಾರು ನಿಲ್ಲಿಸುವ ಬಯಲಾಗಿದ್ದ ಜಾಗ ಕಾಲ್ನಡಿಗೆಯವರಿಗೆ ಸಿಕ್ಕಿತು, ಕಾರುಗಳು ನೆಲದಡಿಗೆ ಹೋದವು. ಇದು ಒಳ್ಳೆಯ ಕೆಲಸ. ಗಾಳಿಯ ಹಳೆಯ ಸುರಂಗವೊಂದನ್ನು 1956ರ ಅಕ್ಟೋಬರ್ 25ರ ಸ್ಮಾರಕವಾಗಿಸಿದರು, ಅದೂ ಸರಿಯೇ. ಆದರೆ ಪ್ರತಿಮೆಗಳ ಸ್ಥಳಾಂತರ ಮತ್ತೆ ಶುರುವಾಯಿತು. ಗಣರಾಜ್ಯದ ಕಾರೋಯಿಯ ಪ್ರತಿಮೆಯನ್ನು 2012ರಲ್ಲಿ ಕಿತ್ತು ಬಾಲಟನ್ ಸರೋವರದ ದಂಡೆಯ ಪಟ್ಟಣಕ್ಕೆ ಸಾಗಿಸಿದರು. ಮತದ ಹಕ್ಕನ್ನು ತಡೆದಿದ್ದ ತಿಸಾನ ಸ್ಮಾರಕವನ್ನು ಹೊಸದಾಗಿ ಮಾಡಿಸಿ ನಿಲ್ಲಿಸಿದರು. ಕೈ ಎತ್ತಿದ ಕೊಶುತ್ ಹೋಗಿ, ತಲೆ ತಗ್ಗಿಸಿದ ಕೊಶುತ್‌ನ ಪಡಿಯಚ್ಚು ಮರಳಿತು. 2020ರಲ್ಲಿ ಚೌಕದ ಎದುರು ಬೀದಿಯಲ್ಲಿ ನೂರು ಮೀಟರ್ ಉದ್ದದ ಇಳಿಜಾರು ತೋಡಿ, ಟ್ರಿಯಾನೊನ್‌ಗೆ ಮುಂಚಿನ ದೇಶದ ಹನ್ನೆರಡು ಸಾವಿರಕ್ಕೂ ಹೆಚ್ಚು ಊರುಗಳ ಹೆಸರನ್ನು ಗೋಡೆಯಲ್ಲಿ ಕೆತ್ತಿದರು.

ನನಗೆ ಹೆಚ್ಚು ನೋವಾಗುವುದು ನಾಜ್‌ನ ವಿಷಯದಲ್ಲಿ. ಚೌಕಕ್ಕೆ ಕೆಲವೇ ಹೆಜ್ಜೆ ದೂರದ ಹುತಾತ್ಮರ ಚೌಕದಲ್ಲಿ 1996ರಿಂದ ಅವನ ಕಂಚಿನ ಪ್ರತಿಮೆ ಇತ್ತು. ಟೊಪ್ಪಿ, ಉದ್ದ ಕೋಟು, ಕೊಡೆ. ಒಂದು ಪುಟ್ಟ ಸೇತುವೆಯ ನಡುವೆ ನಿಂತು ಸಂಸತ್ತನ್ನೇ ನೋಡುತ್ತಿದ್ದ. ಮಕ್ಕಳು ಆ ಸೇತುವೆ ಹತ್ತಿ ಅವನ ಪಕ್ಕ ನಿಲ್ಲಬಹುದಿತ್ತು. 2018ರ ಡಿಸೆಂಬರ್ 28ರ ನಸುಕಿನಲ್ಲಿ ಕ್ರೇನ್ ತಂದು ಅದನ್ನು ಎತ್ತಿದರು. ಮರುವರ್ಷ ಉತ್ತರಕ್ಕೆ, ಮಾರ್ಗರೆಟ್ ಸೇತುವೆಯ ಹತ್ತಿರದ ಇನ್ನೊಂದು ಚೌಕದಲ್ಲಿ ನಿಲ್ಲಿಸಿದರು. 1944ರ ಅಂಗಳ ಮರಳಿ ಬರಬೇಕೆಂದರೆ 1956ರ ಮನುಷ್ಯ ಅಲ್ಲಿ ನಿಲ್ಲಲಾಗದು. ಆ ಲೆಕ್ಕವೇ ತಪ್ಪು. ಹಂಗೇರಿಯ ಸಾಮಾನ್ಯ ಜನ ಈ ಅಂಗಳವನ್ನು ತಮ್ಮದೆಂದು ಸಾಧಿಸಿದ್ದು 1944ರ ನಂತರ, ಉರಿಯುವ ಪತ್ರಿಕೆ ಹಿಡಿದ ಆ ರಾತ್ರಿ. ಅದನ್ನು ಬಿಟ್ಟು ಅಂಗಳವನ್ನು ಸರಿಪಡಿಸುವುದು ಮನೆಯವರನ್ನೇ ಹೊರಗಿಟ್ಟು ಮನೆ ಸಾರಿಸಿದಂತೆ.

ನೀವು ಎಂದಾದರೂ ಬುಡಾಪೆಸ್ಟಿಗೆ ಹೋದರೆ, ಗುಮ್ಮಟದಡಿ ಇಟ್ಟಿರುವ, ಹಂಗೇರಿಯ ದೊರೆಗಳ ಪವಿತ್ರ ಕಿರೀಟ ನೋಡಲು ಸರತಿಯಲ್ಲಿ ನಿಲ್ಲುವ ಮುನ್ನ ಚೌಕವನ್ನು ಅಡ್ಡ ದಾಟಿ ಕೃಷಿ ಸಚಿವಾಲಯದ ಕಮಾನುಗಳವರೆಗೆ ನಡೆಯಿರಿ. ಅಲ್ಲಿಯ ಗೋಡೆಯಲ್ಲಿ ಗೋಲಿಗುಂಡಿನಂಥ ಕಂಚಿನ ಉಂಡೆಗಳನ್ನು ಕೂರಿಸಿದ್ದಾರೆ. 1956ರ ಅಕ್ಟೋಬರ್ 25ರಂದು ಅಲ್ಲಿಗೆ ಬಡಿದ ಗುಂಡುಗಳ ನೆನಪಿಗೆ ಇಟ್ಟವು. ಅವನ್ನು ಈವರೆಗೆ ಯಾರೂ ಕಿತ್ತಿಲ್ಲ.